ಜಪಾನಿ ಕತ್ತಿಯ ಮೇಲಿನ ಸಹಿ: ಕೇಳಿ, ಹೇಳ್ತಾರೆ

(ಈ ವಾರ ಉತ್ತರಿಸುವವರು ಹಳೆ ಲೋಹದ ವಸ್ತುಗಳ ಸಂರಕ್ಷಕಿ. ಫೋಟೊ ಇದ್ದರೆ ಹಾಕಿ.)

ಕಾಫಿತೋಟ: ಮೇಡಂ, ನಾವು ಮಡಿಕೇರಿ ಕಡೆಯವರು. ತಾತ ಬರ್ಮಾ ಯುದ್ಧದಲ್ಲಿದ್ದರು. 1945ರಲ್ಲಿ ತಂದ ಜಪಾನಿ ಕತ್ತಿ ಮನೆಯಲ್ಲಿದೆ. ಬಿದಿರಿನ ಮೊಳೆ ತೆಗೆದು ಹಿಡಿ ಬಿಚ್ಚಿದೆವು. ಒಳಗಿನ ಬಾಲದ ಮೇಲೆ ಅಕ್ಷರಗಳಿವೆ. ಜಪಾನಿ ಕಲಿತ ಗೆಳೆಯ ಓದಿದ: 'ಬಿಶೂ ಒಸಾಫುನೆ ಸುಕೆಸದ'. ಹಿಂಬದಿಯಲ್ಲಿ 'ಎಯ್ಶೋ' ವರ್ಷ, ಎಂಟನೇ ತಿಂಗಳು. ಅಲಗು 70 ಸೆಂ.ಮೀ. ಅಕ್ಷರಗಳ ಒಳಗೆ ತುಕ್ಕು ಸ್ವಲ್ಪ ತಿಳಿ ಬಣ್ಣ. ನಿಜವಾದ್ದಾ? ನಾಳೆ ಪಾಲಿಶ್‌ನವನು ಬರ್ತಾನೆ.

ಬಸವನಗುಡಿ: ನನ್ನ ಹತ್ತಿರವೂ ಒಂದಿದೆ. ಎಷ್ಟು ಬೆಲೆ ಸಿಗಬಹುದು?

ಉತ್ತರ: ಬೆಲೆ ಹೇಳಲ್ಲ.

ಕಾಫಿತೋಟ, ಮೊದಲು ಪಾಲಿಶ್‌ನವನಿಗೆ ಫೋನ್ ಮಾಡಿ ಬೇಡ ಅನ್ನಿ. ಬಾಲದ ತುಕ್ಕೇ ಸಾಕ್ಷಿ. ಅದನ್ನು ಉಜ್ಜಿದರೆ ಅದರ ವಯಸ್ಸು ಹೇಳುವ ಗುರುತೇ ಹೋಯಿತು. ಅರ ಹಾಕಿದ ಗೆರೆಗಳೂ ಹೋಗುತ್ತವೆ.

ಬಿಶೂ ಅಂದರೆ ಬಿಜೆನ್ ಸೀಮೆ, ಒಸಾಫುನೆ ಅಲ್ಲಿನ ಊರು. ಎಯ್ಶೋ ಅನ್ನೋದು ಜಪಾನಿ ಕಾಲಗಣನೆಯ ಒಂದು ಅವಧಿ, 1504ರಿಂದ 1521. ಅಲ್ಲಿ ಸುಕೆಸದ ಹೆಸರಲ್ಲಿ ಸಹಿ ಹಾಕಿದ ಕಮ್ಮಾರರು ಬಹಳ ಜನ. ಯುದ್ಧಗಳ ಕಾಲ, ರಾಶಿ ರಾಶಿ ಕತ್ತಿ ಬೇಕಿತ್ತು. ನಿಮ್ಮ ಸಹಿಯಲ್ಲಿ ಯಾವ ಸುಕೆಸದ ಅಂತ ಹೇಳುವ 'ಯೊಸೊಝಾಎಮೊನ್' ತರಹದ ಸ್ವಂತ ಹೆಸರಿಲ್ಲ. ಹಾಗಾಗಿ ದೊಡ್ಡ ಆಸೆ ಬೇಡ.

ನನ್ನನ್ನು ಕಾಡುತ್ತಿರುವುದು ಎರಡು ವಿಷಯ. ಒಂದು, ತಿಳಿ ತುಕ್ಕು. ಹಳೆ ಸಹಿಯಾದರೆ ಉಳಿಯ ಗೆರೆಯ ತಳದಲ್ಲೂ ಸುತ್ತಲಿನ ತುಕ್ಕಿನದೇ ಕಂದು-ಕಪ್ಪು ಇರಬೇಕು. ತುಕ್ಕು ಹಿಡಿದ ಮೇಲೆ ಉಳಿ ಹೊಡೆದಿದ್ದರೆ ತಳ ಬೇರೆ ಬಣ್ಣಕ್ಕಿರುತ್ತದೆ. ಎರಡು, ಉದ್ದ. ಆ ಕಾಲದ ಬಿಜೆನ್ ಕತ್ತಿ ಹೆಚ್ಚಾಗಿ 60 ಸೆಂ.ಮೀ. ಆಸುಪಾಸು, ಒಂದೇ ಕೈಲಿ ಹಿಡಿಯುವಂಥದ್ದು, ಬಾಲವೂ ಗಿಡ್ಡ. ನಿಮ್ಮ ಬಾಲ ಎಷ್ಟುದ್ದ?

ನುರಿತವರು ಅಲಗಿನ ಆಕಾರ, ಕಬ್ಬಿಣದ ಪದರ, ಬಾಯಿಯ (ಹರಿತ ಅಂಚಿನ) ಉದ್ದಕ್ಕೂ ಕಾಣುವ ಅಲೆಯಂಥ ಗೆರೆ ಇವನ್ನೇ ಮೊದಲು ನೋಡುತ್ತಾರೆ, ಸಹಿ ಕೊನೆಗೆ. ತೆಳು ಕಾಗದ ಇಟ್ಟು ಮೇಲೆ ಮೆಲ್ಲಗೆ ಪೆನ್ಸಿಲ್ ಆಡಿಸಿ, ಅಚ್ಚು ಕಳಿಸಿ.

ಗಾಂಧಿಬಜಾರ್: ಫಾರ್ವರ್ಡ್ ಬಂದಿದೆ: ಹುಣಸೆಹಣ್ಣು, ಉಪ್ಪು ಹಾಕಿ ಅರ್ಧ ಗಂಟೆ ಬಿಟ್ಟರೆ ಅಕ್ಷರ ಎದ್ದು ಕಾಣುತ್ತದಂತೆ 🙏

ಉತ್ತರ: ಅದು ಹಿತ್ತಾಳೆ ಚೊಂಬಿಗೆ. ಕತ್ತಿಗೆ ಹುಣಸೆ, ನಿಂಬೆ, ವಿನೆಗರ್, ಕೋಲಾ, ಮರಳು ಕಾಗದ ಯಾವುದೂ ಬೇಡ. ಯಾರೋ ಕಳಿಸಿದರು ಅಂತ ಇಲ್ಲಿ ಹಾಕಬೇಡಿ.

ಹಳೇನಾಣ್ಯ: ಬಾಯಿ ಮೇಲೆ ಮಾಡಿ ಸೊಂಟಕ್ಕೆ ಸಿಕ್ಕಿಸಿದಾಗ ಸಹಿ ಹೊರಬದಿಗೆ ಬರಬೇಕು. ಇಲ್ಲದಿದ್ದರೆ ಕಳ್ಳಸಹಿ.

ಉತ್ತರ: ಅರ್ಧ ಸರಿ. ಹಿಜೆನ್ ಅನ್ನೋ ಇನ್ನೊಂದು ಸೀಮೆಯ ತದಯೋಶಿ ಕಮ್ಮಾರ ಮನೆತನದವರು ಉದ್ದ ಕತ್ತಿಗೆ ಇನ್ನೊಂದು ಬದಿಗೇ ಸಹಿ ಹಾಕುತ್ತಿದ್ದರು.

ಬಸವನಗುಡಿ: ನನ್ನದರ ಅಲಗಿನ ಮೇಲೆ ನಂಬರ್ ಇದೆ. ಹಿಡಿ ಅಲ್ಯೂಮಿನಿಯಂ. ಬೆಲೆ?

ಉತ್ತರ: ಜಪಾನಿ ಸೈನ್ಯದ ಟೈಪ್ 95 ಮಾದರಿ ಕತ್ತಿ. ಯಂತ್ರದಲ್ಲಿ ಮಾಡಿದ್ದು. ಸಹಿ ಹುಡುಕಬೇಡಿ.

ಜಯನಗರ: ಮೇಡಂ, ಕೈಗಾಪಿನ ಬಿಲ್ಲೆ ಮೇಲೆ ಹೂವಿನ ಚಿತ್ರ ಇದೆ, ಅದೇನು?

ಮಲ್ಲಿಗೆಪುರ: ಯುದ್ಧದಲ್ಲಿ ಕಿತ್ತುಕೊಂಡ ಮಾಲು ಇದು. ಜಪಾನಿಗೆ ವಾಪಸ್ ಕೊಡಬೇಕು.

ಕಾಫಿತೋಟ: ಶರಣಾದವರು ಕೈಯಾರೆ ಒಪ್ಪಿಸಿದ್ದು. ಕಳ್ಳಮಾಲಲ್ಲ.

ಹಳೇನಾಣ್ಯ: ನಮ್ಮ ಕೊಡಗಿನ ತಿಮ್ಮಯ್ಯನವರು ಬರ್ಮಾದ ಅರಕಾನ್‌ನಲ್ಲಿ ಹೋರಾಡಿದವರು. ಅವರನ್ನೂ ಕಳ್ಳ ಅಂತೀರಾ?

ಮಲ್ಲಿಗೆಪುರ: ತಿಮ್ಮಯ್ಯನವರ ಹೆಸರು ನಾನು ಎತ್ತಿದೆನಾ? ಓದೋಕೆ ಬರಲ್ವಾ?

ಹಳೇನಾಣ್ಯ: ನಿಮಗಿಂತ ಚೆನ್ನಾಗಿ ಬರುತ್ತೆ.

ಉತ್ತರ: ಜಗಳ ಬೇರೆ ಕಡೆ ಮಾಡಿ. ಜಪಾನಿಗೆ ಕಳಿಸುವುದೂ ಅಷ್ಟು ಸುಲಭವಲ್ಲ. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ. ಮೊದಲು ಪುರಾತತ್ತ್ವ ಇಲಾಖೆಯಲ್ಲಿ ಕೇಳಿ.

ಗಾಂಧಿಬಜಾರ್: ಆನ್‌ಲೈನ್‌ನಲ್ಲಿ ಒಬ್ಬರು 'ಕೊಟೆತ್ಸು' ಮಾರುತ್ತಿದ್ದಾರೆ, ಅವರೇ ಬರೆದ ಪತ್ರವೂ ಇದೆ. ತಗೊಳ್ಳಲಾ?

ಉತ್ತರ: ಕೊಟೆತ್ಸು ಹೆಸರಾಂತ ಕತ್ತಿ ಕಮ್ಮಾರ. ಅವನ ಸಹಿಯಷ್ಟು ನಕಲಾದ ಸಹಿ ಇನ್ನೊಂದು ಸಿಗುವುದು ಕಷ್ಟ. ಮಾರುವವರೇ ಬರೆದ ಪತ್ರಕ್ಕೆ ಬೆಲೆಯಿಲ್ಲ. 1948ರಲ್ಲಿ ಶುರುವಾದ ನಿಹೊನ್ ಬಿಜುತ್ಸು ತೋಕೆನ್ ಹೊಜೋನ್ ಕ್ಯೋಕೈ ಅಂತ ಸಂಸ್ಥೆ ಟೋಕಿಯೋದಲ್ಲಿದೆ. ಅವರ ಪರೀಕ್ಷೆಯಲ್ಲಿ ಕಳ್ಳಸಹಿ ಅನ್ನಿಸಿದರೆ ಪ್ರಮಾಣಪತ್ರವೇ ಸಿಗುವುದಿಲ್ಲ. ಆ ಕಾಗದ ಕೇಳಿ. ಇಲ್ಲ ಅಂದರೆ ಬಿಡಿ.

ಬಸವನಗುಡಿ: ಮೇಡಂ, ಅಂದಾಜು ಬೆಲೆ...

ಕಾಫಿತೋಟ: ಪಾಲಿಶ್‌ನವನನ್ನು ಬೇಡ ಅಂದೆ ಮೇಡಂ. ಬಾಲ 21 ಸೆಂ.ಮೀ.

ಉತ್ತರ: ಬಾಲವೂ ಗಿಡ್ಡ ಅಲ್ಲ. ಹಾಗಾದರೆ ಆ ವರ್ಷವನ್ನು ಸದ್ಯಕ್ಕೆ ನಂಬಬೇಡಿ. ಕತ್ತಿ ಹಳೆಯದೇ ಆಗಿದ್ದು ಸಹಿ ಮಾತ್ರ ಆಮೇಲೆ ಹೊಡೆದದ್ದೂ ಇರಬಹುದು. ಹಿಡಿ ಮತ್ತೆ ಹಾಕುವ ಮುಂಚೆ ಬಾಲಕ್ಕೆ ಎಣ್ಣೆ ಹಚ್ಚಬೇಡಿ. ಅಚ್ಚು ಬರಲಿ.