ಸೋಬಾನೆ ಪದಗಳ ತುಣುಕುಗಳನ್ನು ಒಂದುಗೂಡಿಸುವ ಬಗ್ಗೆ

ಚಿಕ್ಕಮ್ಮನವರೇ, ಅಜ್ಜಿ ಹಾಡಿದ ಸೋಬಾನೆ ಪದಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಚೂರುಚೂರಾಗಿ ಬಿದ್ದಿವೆ, ಎಲ್ಲವನ್ನೂ ಸೇರಿಸಿ ಒಂದೇ ಕಡತ ಮಾಡಲು ದುಡ್ಡು ಕೊಡಬೇಕಿಲ್ಲದ ತಂತ್ರಾಂಶ ಯಾವುದಾದರೂ ಇದೆಯೇ ಎಂದು ತಾವು ಕೇಳಿದ್ದಿರಿ. ನನ್ನ ಸಲಹೆ ಆಡಾಸಿಟಿ. 2000ದಿಂದ ಜನರ ಕೈಯಲ್ಲಿರುವ, ಧ್ವನಿಯನ್ನು ತಿದ್ದಿ ಜೋಡಿಸುವ ಈ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಫೋನಿನಲ್ಲಿ ಮಾತ್ರ ನಡೆಯುವುದಿಲ್ಲ, ಆದ್ದರಿಂದ ಮನೆಯ ಲ್ಯಾಪ್‌ಟಾಪ್ ಬೇಕಾಗುತ್ತದೆ.

ಆದರೆ ಜೋಡಿಸಲು ಕೂರುವ ಮೊದಲು ಕಡತಗಳು ಯಾವ ಬಗೆಯವು ಎಂದು ನೋಡಿಕೊಳ್ಳಬೇಕು. ವಾಟ್ಸಾಪ್‌ನಲ್ಲಿ ಮೈಕ್ ಒತ್ತಿ ಕಳುಹಿಸಿದ ಧ್ವನಿ ಸಂದೇಶಗಳು ಓಪಸ್ ಬಗೆಯವು, ಐಫೋನಿನ ವಾಯ್ಸ್ ಮೆಮೊದಲ್ಲಿ ಹಿಡಿದವು ಎಂ4ಎ, ಮಾವನ ಹಳೆಯ ರೆಕಾರ್ಡರಿನಿಂದ ಬಂದವು ಎಂಪಿ3. ಎಂಪಿ3 ಕಡತಗಳನ್ನು ಹಾಗೆಯೇ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿದರೂ ಹಾಡು ಕೇಳಿಸುತ್ತದೆ ಎಂದು ಕೆಲವರು ಹೇಳುತ್ತಾರೆ, ಅದು ನಿಜವೇ. ಎಂಪಿ3 ಎಂದರೆ 1152 ಮಾದರಿಗಳ, ಅಂದರೆ ಧ್ವನಿಯ ಕ್ಷಣಕ್ಷಣದ ಅಳತೆಗಳ, ಸಣ್ಣ ಸಣ್ಣ ಚೌಕಟ್ಟುಗಳ ಸಾಲು. ಸೆಕೆಂಡಿಗೆ 44,100 ಮಾದರಿಗಳ ಸಾಮಾನ್ಯ ದರದಲ್ಲಿ ಒಂದೊಂದು ಚೌಕಟ್ಟೂ ಸುಮಾರು 26 ಮಿಲಿಸೆಕೆಂಡಿನದು, ಆದ್ದರಿಂದ ಸಾಲು ಮುಂದುವರಿದಂತೆ ಪ್ಲೇಯರ್ ನುಡಿಸುತ್ತಲೇ ಹೋಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ಮೊದಲ ಕಡತದ ತಲೆಯಲ್ಲಿ ಬರೆದಿರುವ ಅವಧಿ ಹಳೆಯದೇ ಉಳಿಯುವುದರಿಂದ ಒಟ್ಟು ಹೊತ್ತು ತಪ್ಪಾಗಿ ಕಾಣಿಸಬಹುದು, ಮತ್ತು ಎನ್‌ಕೋಡರ್ (ಧ್ವನಿಯನ್ನು ಎಂಪಿ3 ಆಗಿ ಸಂಕುಚಿಸುವ ತಂತ್ರಾಂಶ) ಪ್ರತಿ ಕಡತದ ಆರಂಭ ಮತ್ತು ಕೊನೆಯಲ್ಲಿ ಸೇರಿಸುವ ಅತಿ ಚಿಕ್ಕ ಮೌನ ಬೆಸುಗೆಯ ಜಾಗದಲ್ಲಿ ಕೇಳಿಸುತ್ತದೆ. ಹಾಡು ಹಾಡುಗಳ ನಡುವೆ ಅದು ಯಾರ ಗಮನಕ್ಕೂ ಬಾರದು; ಅಜ್ಜಿ ಒಂದೇ ಉಸಿರಿನಲ್ಲಿ ಎಳೆದ ಸಾಲು ಎರಡು ಸಂದೇಶಗಳಲ್ಲಿ ಹಂಚಿಹೋಗಿರುವಲ್ಲಿ ಮಾತ್ರ ಕಿವಿಗೆ ತಟ್ಟುತ್ತದೆ.

ಆಡಾಸಿಟಿಯ ಮೂರನೆಯ ಸರಣಿಯ ಆವೃತ್ತಿಗಳಲ್ಲಿ ಇಂಪೋರ್ಟ್ ಮೂಲಕ ಎಲ್ಲ ಕಡತಗಳನ್ನೂ ಒಟ್ಟಿಗೆ ತಂದರೆ ಅವು ಒಂದರ ಕೆಳಗೊಂದು ಪಟ್ಟಿಗಳಾಗಿ (ಟ್ರ್ಯಾಕ್) ಕೂರುತ್ತವೆ. ಆಗಲೇ ಪ್ಲೇ ಒತ್ತಿದರೆ ಎಲ್ಲವೂ ಒಟ್ಟಿಗೆ ಹಾಡಿ ಗದ್ದಲವಾಗುತ್ತದೆ, ಗಾಬರಿಯಾಗಬೇಡಿ. ಎಲ್ಲವನ್ನೂ ಆಯ್ದು ಟ್ರ್ಯಾಕ್ಸ್ ಮೆನುವಿನಲ್ಲಿ ಅಲೈನ್ ಎಂಡ್ ಟು ಎಂಡ್ ಎಂಬುದನ್ನು ಒತ್ತಿದರೆ ಮೇಲಿನಿಂದ ಕೆಳಗಿನ ಕ್ರಮದಲ್ಲಿ ಒಂದು ಮುಗಿದಲ್ಲಿ ಇನ್ನೊಂದು ಆರಂಭವಾಗುತ್ತದೆ. ವಿಂಡೋಸ್‌ನಲ್ಲಿ ಎಂ4ಎ ತೆರೆಯಬೇಕಾದರೆ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ಸಲಕರಣೆಯನ್ನೂ ಹಾಕಿಕೊಳ್ಳಬೇಕು. ಕೆಲವು ತುಣುಕುಗಳಲ್ಲಿ ಅಜ್ಜಿಯ ದನಿ ದೂರದಿಂದ ಬಂದಂತಿದೆ, ಕೆಲವುಗಳಲ್ಲಿ ಫೋನ್ ಬಾಯಿಗೇ ಹಿಡಿದಂತಿದೆ. ಒಂದೊಂದು ಪಟ್ಟಿಯನ್ನೂ ಪ್ರತ್ಯೇಕವಾಗಿ ಆಯ್ದು, ದನಿಯ ಮಟ್ಟವನ್ನು ಸಮ ಮಾಡುವ ಲೌಡ್‌ನೆಸ್ ನಾರ್ಮಲೈಸೇಶನ್ ಬಳಸಿದರೆ ಈ ಏರಿಳಿತ ಬಹಳಷ್ಟು ಸರಿಹೋಗುತ್ತದೆ. ಗದ್ದಲ ತೆಗೆಯುವ ಸಾಧನವೂ ಅದರಲ್ಲಿದೆ, ಆದರೆ ಅದನ್ನು ಹೆಚ್ಚು ಬಳಸಬೇಡಿ ಎನ್ನುತ್ತೇನೆ, ಏಕೆಂದರೆ ಹಿನ್ನೆಲೆಯ ಸದ್ದಿನೊಂದಿಗೆ ದನಿಯ ಸಹಜತೆಯೂ ಹೋಗಿಬಿಡುತ್ತದೆ.

ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಧ್ವನಿ ಮತ್ತೊಮ್ಮೆ ಸಂಕುಚಿತವಾಗಿ ಗುಣಮಟ್ಟ ತುಸು ಇಳಿಯುತ್ತದೆ. ಕೇಳಲು ಅಷ್ಟು ಸಾಕು, ಸೆಕೆಂಡಿಗೆ 128 ಕಿಲೋಬಿಟ್ ದರದಲ್ಲಿ ನಿಮಿಷಕ್ಕೆ ಸುಮಾರು ಒಂದು ಎಂಬಿ ಆಗುತ್ತದೆ. ಕಾಪಿಡುವುದಕ್ಕಾದರೆ ಫ್ಲ್ಯಾಕ್ ಬಗೆಯಲ್ಲೂ ಒಂದು ಪ್ರತಿ ತೆಗೆಯುವುದು ಒಳ್ಳೆಯದು, ಅದರಲ್ಲಿ ಹೊಸದಾಗಿ ಏನೂ ಕಳೆಯುವುದಿಲ್ಲ. ಎಲ್ಲ ತುಣುಕುಗಳೂ ಒಂದೇ ಬಗೆಯವಾಗಿದ್ದರೆ ಎಫ್‌ಎಫ್‌ಎಂಪೆಗ್ ಅವನ್ನು ಮತ್ತೆ ಸಂಕುಚಿಸದೆಯೇ ಜೋಡಿಸಬಲ್ಲದು, ಆದರೆ ಅದಕ್ಕೆ ಆದೇಶವನ್ನು ಟೈಪ್ ಮಾಡಬೇಕು. ಬೇಕಾದವರಿಗೆ ಬೇರೆಯಾಗಿ ಕಳುಹಿಸುತ್ತೇನೆ. ಕಡತ ಹಾಕಿದರೆ ಜೋಡಿಸಿಕೊಡುವ ಜಾಲತಾಣಗಳ ಕಡೆ ನನಗೆ ಒಲವಿಲ್ಲ, ಅವುಗಳಲ್ಲಿ ಹಲವು ನಮ್ಮ ಮನೆಯ ದನಿಯನ್ನು ತಮ್ಮ ಸರ್ವರಿಗೆ ಎಳೆದುಕೊಳ್ಳುತ್ತವೆ. ಆಡಾಸಿಟಿಯನ್ನೂ ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ಕೆಲಸ ಮುಗಿಯಿತೆಂದು ಮೂಲ ಸಂದೇಶಗಳನ್ನು ಯಾರೂ ಅಳಿಸಬಾರದೆಂದು ಎಲ್ಲರಲ್ಲೂ ವಿನಂತಿ. ಇನ್ನು ಉಳಿದಿರುವುದು ಪದಗಳ ಸರತಿ. ವಾಟ್ಸಾಪ್ ಕೊಡುವ ಹೆಸರಿನಲ್ಲಿ ಸಾಮಾನ್ಯವಾಗಿ ದಿನಾಂಕದಂಥ ವಿವರ ಇರುತ್ತದೆಯೇ ಹೊರತು ಅದು ಯಾವ ಪದ ಎಂಬುದು ಇರುವುದಿಲ್ಲ. ಅಜ್ಜಿ ನೆನಪಾದಂತೆ ಹಾಡಿದ್ದರಿಂದ ಹೆಣ್ಣು ಒಪ್ಪಿಸುವ ಪದ ಅರಿಸಿನದ ಪದಕ್ಕಿಂತ ಮೊದಲೇ ಬಂದಿದೆ. ಮದುವೆಯಲ್ಲಿ ಯಾವುದರ ನಂತರ ಯಾವುದನ್ನು ಹಾಡುತ್ತಾರೆಂದು ತಮಗೇ ಚೆನ್ನಾಗಿ ಗೊತ್ತು, ಆದ್ದರಿಂದ ಆ ಸರತಿಯನ್ನು ಬರೆದು ಕಳುಹಿಸಿದರೆ 01, 02 ಎಂದು ಕಡತಗಳಿಗೆ ಹೆಸರಿಟ್ಟು ಜೋಡಿಸುವುದನ್ನು ನಾನು ಮಾಡುತ್ತೇನೆ.