ಕ್ಯಾಂಪ್ ಟೆಸ್ಟ್‌ಗೆ ಕುರಿ ರಕ್ತವೇ ಯಾಕೆ ಬೇಕು?

ಪ್ರಶ್ನೆ: ಮೇಡಂ, ನಮಸ್ತೆ. ತಾಲ್ಲೂಕು ಕೇಂದ್ರದ ಲ್ಯಾಬ್ ಒಂದರಲ್ಲಿ ಟೆಕ್ನಿಶಿಯನ್ ಆಗಿದ್ದೀನಿ. ಗರ್ಭಿಣಿಯರ ಸ್ವಾಬ್‌ನಲ್ಲಿ ಬೆಳೆದದ್ದು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾನಾ ಅಂತ ನೋಡೋಕೆ ರಕ್ತ ಬೆರೆಸಿದ ಪ್ಲೇಟಿನಲ್ಲಿ ಕ್ಯಾಂಪ್ ಟೆಸ್ಟ್ ಹಾಕ್ತೀವಿ. ಈ ಸಲ ಕುರಿ ರಕ್ತ ಸಿಗಲಿಲ್ಲ, ಅವಧಿ ಮುಗಿದ ಬ್ಲಡ್ ಬ್ಯಾಗಿನಿಂದಲೇ ಪ್ಲೇಟ್ ಮಾಡಿದ್ವಿ. ಪಾಸಿಟಿವ್ ಕಂಟ್ರೋಲ್‌ಗೂ ಬಾಣದ ಗುರುತು ಮೂಡಲಿಲ್ಲ. ಕುರಿಯದಾದರೇನು, ಮನುಷ್ಯರದಾದರೇನು, ಕೆಂಪು ಕಣ ಕೆಂಪು ಕಣವೇ ಅಲ್ವಾ?

ಉತ್ತರ: ಅಲ್ಲ. ಮೈಕ್ರೋಸ್ಕೋಪಿನಲ್ಲಿ ಗಾತ್ರ ಬಿಟ್ಟರೆ ಹೆಚ್ಚು ವ್ಯತ್ಯಾಸ ಕಾಣಲ್ಲ, ಆದರೆ ಪೊರೆಯ ಕೊಬ್ಬೇ ಬೇರೆ. ಪೊರೆಯ ಮುಖ್ಯ ಕೊಬ್ಬುಗಳಿಗೆ ಫಾಸ್ಫೋಲಿಪಿಡ್ ಅಂತಾರೆ, ಸ್ಫಿಂಗೋಮೈಲಿನ್, ಲೆಸಿಥಿನ್ ಅದರಲ್ಲಿ ಎರಡು ಬಗೆ. ನಮ್ಮ ಕೆಂಪು ಕಣದ ಫಾಸ್ಫೋಲಿಪಿಡ್‌ಗಳಲ್ಲಿ ಸ್ಫಿಂಗೋಮೈಲಿನ್ ಹೆಚ್ಚುಕಮ್ಮಿ ಕಾಲು ಭಾಗ, ಲೆಸಿಥಿನ್ ಅದಕ್ಕಿಂತ ಒಂಚೂರು ಜಾಸ್ತಿ. ಇಲಿಯಲ್ಲಿ ಲೆಸಿಥಿನ್ನೇ ಅರ್ಧದ ಹತ್ತಿರ. ಕುರಿಯದು ತಿರುಗುಮುರುಗು: ಸ್ಫಿಂಗೋಮೈಲಿನ್ ಅರ್ಧದಷ್ಟು, ಲೆಸಿಥಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹಸು, ಆಡುಗಳದ್ದೂ ಹೀಗೇ.

ಕ್ಯಾಂಪ್ ಟೆಸ್ಟ್ ನಿಂತಿರೋದೇ ಇದರ ಮೇಲೆ. ಪ್ಲೇಟಿನ ನಡುವೆ ಎಳೆಯುವ ಸ್ಟ್ಯಾಫಿಲೊಕಾಕಸ್ (ಇನ್ನೊಂದು ಬ್ಯಾಕ್ಟೀರಿಯಾ) ಗೆರೆಯಿಂದ ಬೀಟಾ ಟಾಕ್ಸಿನ್ ಹರಡುತ್ತೆ. ಅದು ಸ್ಫಿಂಗೋಮೈಲಿನ್ ಅನ್ನು ಕತ್ತರಿಸುವ ಕಿಣ್ವ. ಸ್ಫಿಂಗೋಮೈಲಿನ್ ಇರೋದು ಬಹುಪಾಲು ಪೊರೆಯ ಹೊರಪದರದಲ್ಲಿ, ಹಾಗಾಗಿ ಕಿಣ್ವಕ್ಕೆ ನೇರವಾಗಿ ಸಿಗುತ್ತೆ. ಕತ್ತರಿಸಿದ ಮೇಲೆ ಅದರ ಸೆರಮೈಡ್ ಅನ್ನೋ ತುಂಡು ಪೊರೆಯಲ್ಲೇ ಉಳಿಯುತ್ತೆ. ಕಣ ತಕ್ಷಣ ಒಡೆಯಲ್ಲ, ಆದರೆ ಬುಡ ಸಡಿಲವಾದ ಗೋಡೆ ಥರ ಆಗಿರುತ್ತೆ. ಗ್ರೂಪ್ ಬಿ ಸ್ಟ್ರೆಪ್ ಬಿಡುವ ಕ್ಯಾಂಪ್ ಫ್ಯಾಕ್ಟರ್ ಅನ್ನೋ ಪ್ರೋಟೀನ್ ಅಲ್ಲಿಗೆ ತಲುಪಿದರೆ ಸಾಕು, ಪೂರ್ತಿ ಹಿಮೋಲಿಸಿಸ್, ಅಂದರೆ ಕಣಗಳು ಒಡೆದುಹೋಗ್ತವೆ. ಎರಡೂ ಸೇರುವ ಜಾಗವೇ ನಿಮ್ಮ ಬಾಣದ ತುದಿ. ಸ್ಫಿಂಗೋಮೈಲಿನ್ ಕಾಲು ಭಾಗ ಮಾತ್ರ ಇರುವ ನಮ್ಮ ರಕ್ತದಲ್ಲಿ ಇದನ್ನು ನಂಬೋ ಹಾಗಿಲ್ಲ. ಅದೂ ಅಲ್ಲದೆ ಬ್ಯಾಗಿನಲ್ಲಿ ಸಿಟ್ರೇಟ್ ಇರುತ್ತೆ, ದಾನಿಯ ಆ್ಯಂಟಿಬಾಡಿ ಇರುತ್ತೆ. ಕಲ್ಚರ್‌ಗೆ ಆ ರಕ್ತ ಬೇಡವೇ ಬೇಡ.

ಅಂದಹಾಗೆ, ನಡುಗೆರೆಗೆ ಯಾವ ಸ್ಟ್ಯಾಫ್ ಹಾಕಿದ್ರಿ?

ಪ್ರಶ್ನೆ: ಒಬ್ಬ ಪೇಷೆಂಟ್‌ನ ಪಸ್‌ನಲ್ಲಿ ಬೆಳೆದ ಸ್ಟ್ಯಾಫಿಲೊಕಾಕಸ್ ಆರಿಯಸ್, ಮೇಡಂ.

ಉತ್ತರ: ಹಾಗಾದರೆ ಅದೂ ಅನುಮಾನವೇ. ಮನುಷ್ಯರಿಂದ ಸಿಗುವ ಆರಿಯಸ್‌ಗಳಲ್ಲಿ ಹೆಚ್ಚಿನವು ಬೀಟಾ ಟಾಕ್ಸಿನ್ ಮಾಡಲ್ಲ. ಒಂದು ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ಬಂದು ಆ ಜೀನ್ ಒಳಗೇ ಕೂತಿರುತ್ತೆ. ಹಸುವಿನ ಕೆಚ್ಚಲುಬಾವಿನ ಸ್ಟ್ರೇನ್‌ಗಳು ಚೆನ್ನಾಗಿ ಮಾಡ್ತವೆ. ಎಟಿಸಿಸಿ 25923 ಅನ್ನೋ ಪ್ರಮಾಣಿತ ಆರಿಯಸ್ ಸ್ಟ್ರೇನ್ ತರಿಸಿ ಇಟ್ಟುಕೊಳ್ಳಿ.

ಇನ್ನೊಬ್ಬ ಸದಸ್ಯರು: ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಪಶುವೈದ್ಯಕೀಯ ವಿದ್ಯಾರ್ಥಿ. ಲೆಸಿಥಿನ್ ಇಲ್ಲದಿರೋದು ಮೇವಿನಿಂದಾನಾ? ರೂಮೆನ್‌ನಲ್ಲೇ (ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆ) ಒಡೆದು ಹೋಗುತ್ತಾ?

ಉತ್ತರ: ಒಳ್ಳೇ ಪ್ರಶ್ನೆ. ಮೇವು ಕಾರಣ ಆಗಿದ್ದರೆ ಪ್ಲಾಸ್ಮಾದಲ್ಲೂ ಇರಬಾರದಿತ್ತು. ಹಸುವಿನ ಪ್ಲಾಸ್ಮಾದಲ್ಲಿ ಲೆಸಿಥಿನ್ ಧಾರಾಳವಾಗಿದೆ. ಕುರಿಯ ಕೆಂಪು ಕಣದ ಪೊರೆಯಲ್ಲೇ ಲೆಸಿಥಿನ್ ಒಡೆಯುವ ಫಾಸ್ಫೋಲಿಪೇಸ್ ಕಿಣ್ವ ಇದೆ. ಸುತ್ತ ಅಷ್ಟೊಂದಿದ್ದರೂ ಪೊರೆಯಲ್ಲಿ ನಿಲ್ಲೋಕೆ ಅದು ಬಿಡಲ್ಲ. ಪರಿಣಾಮ ನಿಮಗೆ ಪ್ರಾಕ್ಟಿಕಲ್‌ನಲ್ಲೇ ಕಾಣುತ್ತೆ: ಐಸೊಟಾನಿಕ್ (ಕಣದ ಒಳಗಿನಷ್ಟೇ ಸಾಂದ್ರತೆಯ) ಗ್ಲಿಸರಾಲ್ ದ್ರಾವಣಕ್ಕೆ ಹಾಕಿದರೆ ಇಲಿಯ ಕಣಕ್ಕೆ ಗ್ಲಿಸರಾಲ್ ಬೇಗ ನುಗ್ಗಿ ಅದು ಒಡೆದುಹೋಗುತ್ತೆ, ಹಸುವಿನದು ತುಂಬಾ ಹೊತ್ತು ತಡೆಯುತ್ತೆ. ಸಲೈನ್ ಫ್ರಜಿಲಿಟಿ (ತೆಳು ಉಪ್ಪುನೀರಿನಲ್ಲಿ ಕಣ ಒಡೆಯುವ ಪರೀಕ್ಷೆ) ಜೊತೆ ಇದನ್ನು ಕಲಸಬೇಡಿ. ಅಲ್ಲಿ ಕಣದ ಗಾತ್ರ, ಆಕಾರದ ಲೆಕ್ಕವೂ ಬರುತ್ತೆ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ನಮ್ಮಲ್ಲಿ ಆಡಿನ ರಕ್ತ ಸಿಗಬಹುದು. ನಡೆಯುತ್ತಾ?

ಉತ್ತರ: ಪೊರೆಯ ಲೆಕ್ಕದಲ್ಲಿ ನಡೆಯಬೇಕು. ಕಸಾಯಿಖಾನೆಯದು ಬೇಡ, ಆ್ಯಂಟಿಬಯೋಟಿಕ್ ಕೊಟ್ಟಿರದ, ಆರೋಗ್ಯವಾಗಿರುವ ಆಡಿನಿಂದ ಪಶುವೈದ್ಯರ ಕೈಲಿ ತೆಗೆಸಿ, ಗಾಜಿನ ಮಣಿ ಹಾಕಿದ ಸ್ಟೆರೈಲ್ ಫ್ಲಾಸ್ಕಿನಲ್ಲಿ ಅಲ್ಲಾಡಿಸಿ ಫೈಬ್ರಿನ್ ತೆಗೆಯಿರಿ. ಪ್ರತಿ ಬ್ಯಾಚಿಗೂ ಅಗಲಾಕ್ಟಿಯೆ (ಗ್ರೂಪ್ ಬಿ ಸ್ಟ್ರೆಪ್) ಪಾಸಿಟಿವ್, ಪಯೋಜಿನಿಸ್ (ಗ್ರೂಪ್ ಎ ಸ್ಟ್ರೆಪ್) ನೆಗೆಟಿವ್ ಕಂಟ್ರೋಲ್ ಇರಲಿ. ಸ್ಟ್ರೆಪ್ ಗೆರೆ ನಡುಗೆರೆಗೆ ತಾಗಬಾರದು, ಎರಡು-ಮೂರು ಮಿಲಿಮೀಟರ್ ಬಿಡಿ. ಕ್ಯಾಂಡಲ್ ಜಾರ್‌ನಲ್ಲಿ (ಒಳಗೆ ಮೇಣದಬತ್ತಿ ಉರಿಸಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸುವ ಜಾರ್) ಇಡಬೇಡಿ, ಗ್ರೂಪ್ ಎ ಕೂಡ ಪಾಸಿಟಿವ್ ತೋರಿಸಿಬಿಡಬಹುದು. ಕಂಟ್ರೋಲ್ ಸರಿ ಬರೋ ತನಕ ರಿಪೋರ್ಟ್ ಕೊಡಬೇಡಿ.