ಸಹಾಯ ಬೇಕು: ಕಾದಂಬರಿಗೆ ಸ್ವಂತ ಪ್ರತಿಕ್ರಿಯೆ ಬರೆಯೋದು ಹೇಗೆ?

ನಮಸ್ಕಾರ. ನಾನು ಬಿ.ಎ. ವಿದ್ಯಾರ್ಥಿನಿ, ಐಚ್ಛಿಕ ಕನ್ನಡ. ಪಠ್ಯದ ಒಂದು ಕಾದಂಬರಿ, ನಮ್ಮಿಷ್ಟದ ಇನ್ನೊಂದು ಓದಿ, ಎರಡಕ್ಕೂ ಪ್ರತಿಕ್ರಿಯೆ ಬರೆಯಬೇಕು. ಪಠ್ಯಕ್ಕೆ ತೇಜಸ್ವಿಯವರ ‘ಕರ್ವಾಲೊ’ (1980) ಇದೆ, ನಾನು ಆರಿಸಿಕೊಂಡಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಮೊದಲನೆಯದಕ್ಕೆ ಬರೆದಿದ್ದನ್ನು ಮೇಡಂ ವಾಪಸ್ ಕೊಟ್ಟು, ‘ಇದು ಬರೀ ಕಥೆ, ನಿನಗೇನು ಅನ್ನಿಸಿತು ಅದನ್ನ ಬರಿ’ ಅಂದರು. ಗೈಡು, ಸೀನಿಯರ್‌ಗಳ ನೋಟ್ಸು ಎಲ್ಲಾ ನೋಡಿದೆ, ಅಲ್ಲೂ ಸಾರಾಂಶವೇ ಜಾಸ್ತಿ. ‘ಕರ್ವಾಲೊ’ದಲ್ಲಿ ನನ್ನನ್ನು ನಿಜಕ್ಕೂ ಕಾಡಿದ್ದು, ಕಾಡೆಲ್ಲ ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಎಲ್ಲರ ಕಣ್ಣೆದುರೇ ಕಣಿವೆಗೆ ತೇಲಿಹೋಗುವುದು. ಅದನ್ನು ಓದುವಾಗ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ ಎಂಬುವನ ನಾಯಿ ‘ಹುಲಿಯ’ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗಿದ್ದು ನೆನಪಾಗಿ ತುಂಬಾ ಸಂಕಟವಾಯಿತು. ಪಠ್ಯದ ಪ್ರತಿಕ್ರಿಯೆಯಲ್ಲೇ ಆ ಇನ್ನೊಂದು ಕಾದಂಬರಿಯ ಮಾತು ತರಬಹುದಾ? ಕಥೆ ಎಷ್ಟು ಹೇಳಿ ನನ್ನ ಮಾತು ಶುರು ಮಾಡಲಿ?